ಕಲಿಯೋರ ಮಷಿನ್ನು

ಹೋದ ತಿಂಗಳು ದೇವದುರ್ಗದಿಂದ ಫೋನ್ ಬಂತು. ಸಿಸ್ಟರ್ ತೀರಿಕೊಂಡರು ಎಂದು ಅವರ ಹಿರಿಯ ಮಗಳು ಹೇಳಿದಳು. ಎಂಬತ್ತೆಂಟೋ ಎಂಬತ್ತೊಂಬತ್ತೋ ಆಗಿತ್ತು. ಸರಿಯಾದ ವಯಸ್ಸು ಅವರಿಗೇ ಗೊತ್ತಿರಲಿಲ್ಲ. ಮಲ್ಲಟದ ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದ ತಾಯಿ ಅಲ್ಲೇ ಬದುವಿನ ಮೇಲೆ ಹೆತ್ತ ಮಗು ಅವರು. ನೆನಪಿನ ಪುಸ್ತಕಕ್ಕೆ ಒಂದು ಪುಟ ಬರೆದುಕೊಡಿ ಆಂಟಿ ಎಂದಳು ಮಗಳು. ಬರೆದುಕೊಟ್ಟೆ. ಸೇವೆ, ತ್ಯಾಗ, ನಗುಮುಖ, ಹಳ್ಳಿ ಹಳ್ಳಿಗೆ ತುಳಿದ ಸೈಕಲ್ಲು ಎಲ್ಲ ಹಾಕಿದೆ. ಕಾನ್ವೆಂಟಿನಲ್ಲಿ ಓದಿದವಳು ನಾನು, ಡೀಸೆಂಟಾಗಿ ಬರೆಯುವುದು ಕೈಗೆ ಅಂಟಿಬಿಟ್ಟಿದೆ. ಪೋಸ್ಟಿಗೆ ಹಾಕಿ ಮನೆಗೆ ಬಂದ ಮೇಲೆ ನೆನಪಾಯಿತು, ಅವರು ನನಗೆ ಮಾಡಿದ ದೊಡ್ಡ ಉಪಕಾರದ ಒಂದು ಅಕ್ಷರವೂ ಅದರಲ್ಲಿಲ್ಲ. ನನಗೀಗ ಎಪ್ಪತ್ತೈದು. ಇನ್ನು ಯಾರಿಗೆ ಹೆದರಲಿ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮಾನ್ವಿಯಲ್ಲಿ ಹುಡುಗಿಯರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಅವರು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಊರೆಲ್ಲ ಸಿಸ್ಟರ್ ಎನ್ನುತ್ತಿತ್ತು. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಸಿಸ್ಟರ್‌ಗಳೆಂದರೆ ರಾಯಚೂರಿನ ಕಾನ್ವೆಂಟ್ ಹಾಸ್ಟೆಲ್ಲಿನ ಸನ್ಯಾಸಿನಿಯರು. ಅವರು ನಮಗೆ ಲಂಗ ಉಟ್ಟುಕೊಂಡೇ ಸ್ನಾನ ಮಾಡಲು ಕಲಿಸಿದ್ದರು, ನಮ್ಮ ಮೈ ನಮ್ಮ ಕಣ್ಣಿಗೂ ಬೀಳಬಾರದೆಂದು. ಈ ಸಿಸ್ಟರ್ ಬೇರೆ ಮಾದರಿ. ಹತ್ತನೇ ಕ್ಲಾಸಿನ ಹುಡುಗಿಯರಿಗೆ ಮುಟ್ಟಿನ ಬಗ್ಗೆ ಪಾಠ ಹೇಳಲು ಬಂದವರು ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದರು. ನಮ್ಮ ಹೆಡ್‌ಮಿಸ್ ಎದ್ದು ಹೋಗಿ ಕಿಟಕಿ ಮುಚ್ಚಿದರು. ಸಿಸ್ಟರ್ ಹೋಗಿ ತೆರೆದರು, ಸೆಕಿ ಆಗ್ತದ ಮೇಡಮ್ಮೋರೆ ಎಂದು. ಆಮೇಲೆ ಪ್ರತಿಯೊಂದು ಭಾಗಕ್ಕೂ ಹೆಸರು ಬರೆದು ಹುಡುಗಿಯರ ಬಾಯಲ್ಲಿ ಮೂರು ಮೂರು ಸಲ ಹೇಳಿಸಿದರು, ಮಗ್ಗಿ ಹೇಳಿಸಿದ ಹಾಗೆ. ನಾನು ಹಿಂದೆ ಕುಳಿತು ಬಾಯಿ ಅಲುಗಿಸಿದೆ, ದನಿ ಹೊರಡಲಿಲ್ಲ. ಅದನ್ನು ಅವರು ನೋಡಿದ್ದರು.

ಗಿಡ್ಡ, ಗಟ್ಟಿ ಹೆಂಗಸು. ಮಿರ್ಚಿ ಭಜಿ ತಿನ್ನುವ ಮೊದಲೂ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆಯುವರು. ಅಳುವ ಮಗುವಿಗೆ ಸೂಜಿ ಚುಚ್ಚುವಾಗ ತಾಯಿಗೆ ಬಯ್ಯುವರು, ತಾಯಿ ಜಗಳಕ್ಕೆ ಬರುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ಅವರಿಗೆ ಇಪ್ಪತ್ತಾರಾದಾಗಲೇ ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳು ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದರು. ಗವರ್ಮೆಂಟಿನವರು ಮಕ್ಕಳಾಗದ ಆಪರೇಷನ್ನಿಗೆ ಇಷ್ಟು ಹೆಂಗಸರನ್ನು ತಂದು ಮಲಗಿಸಿ ಎಂದು ಟಾರ್ಗೆಟ್ ಕೊಟ್ಟಾಗಲೆಲ್ಲ ಆ ಕಾಗದವನ್ನು ಮಡಿಸಿ ಕುಂಟುವ ಟೇಬಲ್ಲಿನ ಕಾಲಡಿ ಇಡುವರು.

ಇನ್ನು ನನ್ನ ವಿಷಯ. ಮದುವೆಯಾಗಿ ಆರು ವರ್ಷ. ನಮ್ಮ ಯಜಮಾನರು ಕಾಲುವೆಯ ಮೇಲೆ ಓವರ್‌ಸಿಯರ್, ಆಣೆ ಮಾಡಿ ಹೇಳುತ್ತೇನೆ, ಅವರಷ್ಟು ಮೆತ್ತಗಿನ ಮನುಷ್ಯ ಜಿಲ್ಲೆಯಲ್ಲಿರಲಿಲ್ಲ. ಮೆತ್ತಗಿದ್ದರೇನು, ನನಗೆ ಏನೂ ಆಗುತ್ತಿರಲಿಲ್ಲ. ಏನು ಆಗಬೇಕು ಎಂಬುದೂ ಗೊತ್ತಿರಲಿಲ್ಲ. ಗೋಡೆಯ ಹಾಗೆ ಬಿದ್ದಿರುತ್ತಿದ್ದೆ. ಪ್ರತಿ ಸಲ ಮುಗಿದ ಮೇಲೆ ಅವರು ಸಾರಿ ಎನ್ನುತ್ತಿದ್ದರು, ಬಸ್ಸಿನಲ್ಲಿ ಕಾಲು ತುಳಿದವರ ಹಾಗೆ. ಒಂದು ಇಂಗ್ಲಿಷ್ ಮ್ಯಾಗಜೀನಿನ ಪ್ರಶ್ನೋತ್ತರದಲ್ಲಿ ನನ್ನಂಥವಳಿಗೆ ಒಂದು ಹೆಸರು ಸಿಕ್ಕಿತು: ಫ್ರಿಜಿಡ್. ಮಂಜುಗಡ್ಡೆಯಂಥವಳು. ಆ ಶಬ್ದವನ್ನು ಒಂದು ವರ್ಷ ಯಾರಿಗೂ ಹೇಳದೆ ಹೊತ್ತು ತಿರುಗಿದೆ. ಇದು ನಿಜವಾದರೆ ಇನ್ನು ಉಳಿದ ಆಯುಷ್ಯವೆಲ್ಲ ಅವರು ಸಾರಿ ಅನ್ನುತ್ತಾರೆ, ನಾನು ಇರಲಿ ಬಿಡ್ರಿ ಅನ್ನುತ್ತೇನೆ, ಅಷ್ಟೇ ನಮ್ಮ ಸಂಸಾರ ಎಂದು ಲೆಕ್ಕ ಹಾಕಿದ್ದೆ.

ಸಿಸ್ಟರಿಗೆ ದೇವದುರ್ಗಕ್ಕೆ ವರ್ಗವಾಯಿತು. ನೋಡಿ ಬರಲು ಹೋದ ನಾನು, ಅವರ ಕ್ವಾರ್ಟರ್ಸಿನಲ್ಲಿ ಚಹಾ ಕುಡಿಯುತ್ತ, ಅದು ಹೇಗೆ ಬಾಯಿಗೆ ಬಂತೋ, ಹೇಳಿಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದೆ. ಅರ್ಥವಾಗದಿದ್ದರೆ ಒಳ್ಳೆಯದೇ ಆಯಿತು ಎಂಬ ಧೈರ್ಯ. ಅವರು ಕನ್ನಡದಲ್ಲಿ ಹೇಳ್ರಿ ಎಂದರು. ಹೇಳಿದೆ.

"ಆ ಹೆಸರು ಇಟ್ಟಾವ ಯಾರು?"

"ಯಾರೋ ಡಾಕ್ಟರ್."

"ಗಂಡಸೇ ಇರಬೇಕು," ಎಂದು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು. "ಟೀಚರ್, ಎಷ್ಟು ಹೆಂಗಸರ ಮೈ ನೋಡೀನಿ ನಾನು. ಕಲ್ಲಿನ ಹೆಂಗಸು ಒಬ್ಬಾಕೀನೂ ಸಿಕ್ಕಿಲ್ಲ. ನಿಮಗ ನಿಮ್ಮ ಮೈ ಜೋಡಿ ಪರಿಚಯ ಆಗಿಲ್ಲ, ಅಷ್ಟ. ಪರಿಚಯ ಮಾಡಿಸೋಣು ಬರ್ರಿ."

ಆಮೇಲೆ ಒಂದು ವಿಷಯ ಹೇಳಿದರು. ಹೈದರಾಬಾದಿನಲ್ಲಿ ಟ್ರೇನಿಂಗ್ ಇದ್ದಾಗ ಮಲೆಯಾಳಿ ನರ್ಸೊಬ್ಬಳು, ಮೈನೋವಿಗೆ ಮಾರುತ್ತಾರಲ್ಲ, ಆ ನಡುಗುವ ಮಷಿನ್ನು, ಅದಕ್ಕೆ ಡಬ್ಬಿಯ ಮೇಲೆ ಬರೆಯದ ಇನ್ನೊಂದು ಉಪಯೋಗವಿದೆ ಎಂದಿದ್ದಳಂತೆ. ರಾಯಚೂರಿನಲ್ಲಿ ಸಿಗ್ತದ ಎಂದರು. ನನ್ನ ಬಸಿಯಲ್ಲಿ ಚಹಾ ತುಳುಕಿತು. ನಾಚಿಕೆಗಿಂತ ಹೆಚ್ಚಾಗಿ ನಗು. ಆರು ವರ್ಷದಲ್ಲಿ ಮೊದಲ ಸಲ ಈ ವಿಷಯಕ್ಕೆ ನಕ್ಕಿದ್ದೆ.

ಮುಂದಿನ ರವಿವಾರ ನಾನು ಮಾನ್ವಿಯಿಂದ, ಅವರು ದೇವದುರ್ಗದಿಂದ ಬಸ್ಸು ಹಿಡಿದು ರಾಯಚೂರಿನಲ್ಲಿ ಕೂಡಿಕೊಂಡೆವು. ತೀನ್ ಕಂದೀಲ್ ಚೌಕದ ಹತ್ತಿರ ಒಂದು ಎಲೆಕ್ಟ್ರಿಕ್ ಅಂಗಡಿ. ಹಣೆತುಂಬ ವಿಭೂತಿ ಹಚ್ಚಿದ ಸಾಹುಕಾರರು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಅವರ ಸ್ನೇಹಿತ, ಅಕ್ಕಿ ಗಿರಣಿಯವರು. ಟೀಚರಿಗೆ ನಿಂತು ನಿಂತು ಮೊಣಕಾಲು ನೋವು, ಒಂದು ಮಸಾಜಿನ ಮಷಿನ್ ತೋರಿಸ್ರಿ ಎಂದರು ಸಿಸ್ಟರ್. ನಾನು ಸೀಲಿಂಗ್ ಫ್ಯಾನುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಸಾಹುಕಾರರು ಮೂರು ಇಟ್ಟರು. ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ದೊಡ್ಡದು, ಕೆಳಗೆ ರಬ್ಬರಿನ ಮುಳ್ಳು. ಇನ್ನೊಂದು ಕೂದಲು ಒಣಗಿಸುವ ಮಷಿನ್ನಿನ ಆಕಾರ, ಮುಂದೆ ಸ್ಟೀಲಿನ ತಟ್ಟೆ. ಮೂರನೆಯದು ಮುಖಕ್ಕೆ ಅಂತೆ, ಸಣ್ಣ ಟಾರ್ಚಿನಷ್ಟೇ, ಕೆನೆ ಬಣ್ಣದ್ದು, ಸೆಲ್ಲಿನ ಮೇಲೆ ನಡೆಯುವಂಥದ್ದು. ಡಬ್ಬಿಯ ಮೇಲೆ ಒಬ್ಬ ಫಾರಿನ್ ಹೆಂಗಸು ಕೆನ್ನೆಗೆ ಹಿಡಿದುಕೊಂಡು ಮುಗುಳ್ನಗುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಅನ್ನಿಸಿತು.

ಅಲ್ಲಿಂದ ಶುರುವಾಯಿತು ಸಿಸ್ಟರರ ಪರೀಕ್ಷೆ. ಮದುವೆಗೆ ಸೀರೆ ಆರಿಸುವವರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ದೊಡ್ಡದನ್ನು ಎತ್ತಿ ನೋಡಿ, ಕೈ ಸೋಲ್ತದ, ಅದೂ ಅಲ್ದ ನಮ್ಮ ಕಡೆ ಕರೆಂಟಿನ ನಂಬಿಕೆ ಇಲ್ಲ ಎಂದು ಸರಿಸಿದರು. ಒದ್ದೆ ಮೈಗೆ ಗೋಡೆಯ ಕರೆಂಟು ಎಂದೂ ಹತ್ತಿರ ತರಬಾರದೆಂದು ನನ್ನ ಕಿವಿಯಲ್ಲಿ ಬೇರೆ ಹೇಳಿದರು. ಸ್ಟೀಲಿನ ತಟ್ಟೆಯದರ ಸಂದಿಯಲ್ಲಿ ಉಗುರು ಹಾಕಿ ಕೆರೆದು, ಇಲ್ಲಿ ಹೊಲಸು ಕೂಡ್ತದ, ತೊಳಿಯಾಕ ಬರೂದಿಲ್ಲ ಎಂದರು. ಆದರೂ ಇರಲಿ ಎಂದು ಅದನ್ನು ಹಚ್ಚಿಸಿ, ತಾವು ಅಂಗಡಿಯ ಮೆಟ್ಟಿಲು ಇಳಿದು, ರಸ್ತೆ ದಾಟಿ, ಆಚೆ ನಿಂತು ಕಿವಿಗೊಟ್ಟು ಕೇಳಿ ಬಂದರು.

"ಭಾಳ ಸಪ್ಪಳ ಮಾಡ್ತದ. ಬ್ಯಾಡ."

ಸಾಹುಕಾರರಿಗೆ ಬೇಸರವಾಯಿತು. "ಯವ್ವಾ, ಮೊಣಕಾಲಿಗೆ ಕಿವಿ ಇರ್ತಾವೇನು?"

"ಮೊಣಕಾಲಿಗಿಲ್ರೀ. ಅತ್ತಿಯವ್ರಿಗೆ ಇರ್ತಾವ."

ಗಿರಣಿಯವರು ಬಹಳ ನಕ್ಕರು, ಅವರ ಮನೆಯಲ್ಲೂ ಇರಬೇಕು. ಸಿಸ್ಟರ್ ಸಣ್ಣದನ್ನು ಕೈಗೆತ್ತಿಕೊಂಡರು. ಮುಚ್ಚಳ ಬಿಚ್ಚಿದರು, ಹಾಕಿದರು. ಅಂಚುಗಳ ಮೇಲೆ ಬೆರಳಾಡಿಸಿ ಎಲ್ಲಿಯೂ ಚುಚ್ಚುವುದಿಲ್ಲ ಎಂದು ನೋಡಿದರು. ವೇಗ ಎರಡಿತ್ತು. ಕಡಿಮೆ ವೇಗ ಕಡಿಮೆಯೇ ಇದೆಯೋ, ಸುಮ್ಮನೆ ಬರೆದಿದ್ದಾರೋ ಎಂದು ಕೇಳಿದರು. ಹೊಸಬರಿಗೆ ಎತ್ತಿನ ಗಾಡಿಯ ವೇಗ ಸಾಕು ಎಂಬುದು ಅವರ ಸಿದ್ಧಾಂತ. ಆಮೇಲೆ ಅದನ್ನು ಹಚ್ಚಿ, ಅತ್ಯಂತ ಗಂಭೀರವಾಗಿ, ತಮ್ಮ ಮೂಗಿನ ತುದಿಗೆ ಹಿಡಿದುಕೊಂಡರು. ಕಣ್ಣು ಮುಚ್ಚಿದರು. ಐದಾರು ಎಣಿಸುವಷ್ಟು ಹೊತ್ತು. "ಈಗ ನೀವು," ಎಂದು ನನ್ನ ಮೂಗಿಗೆ ಹಿಡಿದರು. ನಾನು ಸೀನಿದೆ. ಅವರೂ ಸೀನಿದರು. ಎಳೆಯ ಚರ್ಮಕ್ಕ ಎಷ್ಟು ಸಾಕು ಅನ್ನೂದು ಮೂಗಿನ ತುದಿಗೆ ಗೊತ್ತಿರ್ತದ, ಅದು ತಡಕೊಂಡರ ಎಲ್ಲಾ ತಡಕೋತದ ಎಂದು ಮೆಲ್ಲಗೆ ಹೇಳಿದರು.

"ಮೂಗೂ ನೋಯ್ತದೇನ್ರೀ ಟೀಚರಿಗೆ?" ಎಂದರು ಸಾಹುಕಾರರು, ನಿಜವಾದ ಕಾಳಜಿಯಿಂದ.

"ಚಾಕ್‌ಪೀಸಿನ ಧೂಳ್ರೀ," ಎಂದರು ಸಿಸ್ಟರ್. "ಎರಡು ಕೊಡ್ರಿ."

ಎರಡು ಯಾಕೆ ಎಂದು ಬಸ್‌ಸ್ಟ್ಯಾಂಡಿಗೆ ನಡೆಯುತ್ತ ಕೇಳಿದೆ. ನಿಮಗೊಂದು, ನನಗೊಂದು ಎಂದರು, ಬದನೆಕಾಯಿಯ ಮಾತಾಡಿದ ಹಾಗೆ. ನಮ್ಮಿಬ್ಬರಿಗೆ ರಸ್ತೆಯಲ್ಲಿ ನಗು ತಡೆಯಲಾಗದೆ ಒಂದು ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಲ್ಲಬೇಕಾಯಿತು. ನಾನು ಮೂವತ್ತರವಳು, ಅವರು ನಲವತ್ತು ದಾಟಿದವರು.

ಮಾನ್ವಿಗೆ ತಂದು ಟ್ರಂಕಿನಲ್ಲಿ ಸ್ವೆಟರಿನ ಕೆಳಗಿಟ್ಟೆ. ರಾಯಚೂರು ಜಿಲ್ಲೆಯಲ್ಲಿ ಸ್ವೆಟರನ್ನು ಯಾರು ತೆಗೆಯುತ್ತಾರೆ ಎಂಬುದು ನನ್ನ ಜಾಣತನ. ಮರೆತದ್ದು ಒಂದೇ, ನಾಲ್ಕು ದಿನಕ್ಕೆ ಮಹಾನವಮಿ. ನಮ್ಮಲ್ಲಿ ಖಂಡೇ ಪೂಜೆಗೆ, ಅದೇ ಆಯುಧ ಪೂಜೆಗೆ, ಮನೆಯ ಒಂದು ಸಾಮಾನೂ ಬಿಡುವ ಹಾಗಿಲ್ಲ, ಬಿಟ್ಟರೆ ಅದು ಮುನಿಸಿಕೊಳ್ಳುತ್ತದೆ ಎಂದು ನಂಬಿದವರು ನಮ್ಮ ಅತ್ತೆ. ಅವರು ಟ್ರಂಕನ್ನೂ ಬಿಡಲಿಲ್ಲ.

ನಾನು ಶಾಲೆಯ ಪೂಜೆ ಮುಗಿಸಿ ಬರುವಷ್ಟರಲ್ಲಿ ದೇವರ ಮುಂದೆ ಎಲ್ಲ ಸಾಲಾಗಿ ಕುಳಿತಿದ್ದವು. ಕುಡಗೋಲು, ಅಡಕೊತ್ತು, ಹೊಲಿಗೆ ಮಷಿನ್ನು, ರೇಡಿಯೋ, ಯಜಮಾನರ ಅಳತೆ ಟೇಪು, ನನ್ನ ಕೆಂಪು ಶಾಯಿಯ ಪೆನ್ನು. ನಟ್ಟನಡುವೆ, ಮೂರು ಬೆರಳಿನ ವಿಭೂತಿ ಎಳೆಸಿಕೊಂಡು, ಕುಂಕುಮ ಇಡಿಸಿಕೊಂಡು, ತಲೆಯ ಮೇಲೊಂದು ಚೆಂಡುಹೂವು ಹೊತ್ತು, ಅದು.

"ಹೊಸಾದು ಕಾಣ್ತದ," ಎಂದರು ಯಜಮಾನರು, ಕಾಯಿ ಒಡೆಯುತ್ತ. "ಏನಿದು?"

ಬೆನ್ನಿಗೆ ಎಂದೆ. ಅವರು ತಲೆದೂಗಿ, ಎಲ್ಲದಕ್ಕೂ ಸೇರಿಸಿ ಕೈ ಮುಗಿದರು. ಆ ದೃಶ್ಯ ನೆನೆದರೆ ಇಂದಿಗೂ ನನಗೆ ಬಿಕ್ಕಳಿಕೆ ಹತ್ತುತ್ತದೆ.

ಪೂಜೆಗಿಟ್ಟದ್ದನ್ನು ಮರುದಿನ ದಶಮಿಗೆ ಇಳಿಸುವ ತನಕ ಯಾರೂ ಮುಟ್ಟಬಾರದು. ಇಳಿಸಿದವರು ಅತ್ತೆ. ಇಳಿಸಿ, ಗುಂಡಿ ಒತ್ತಿ, ಸೊಸೆಯ ಬೆನ್ನಿಗೆ ಆಗುವುದು ನನ್ನ ಮೊಣಕಾಲಿಗೆ ಯಾಕಾಗಬಾರದು ಎಂದು ಹಚ್ಚಿಕೊಂಡರು. ಸಂಜೆ ಬನ್ನಿ ಕೊಡಲು ಬಂದ ಓಣಿಯ ಹೆಂಗಸರು, ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಹೇಳಿ, ಅಲ್ಲೇ ಸೀರೆ ಮೇಲೆತ್ತಿ ಮೊಣಕಾಲು ಚಾಚಿ ಕುಳಿತರು. ಒಂದು ವಾರ ನಮ್ಮ ಪಡಸಾಲೆ ದವಾಖಾನೆಯಾಯಿತು. ನನ್ನದು ಕೊಡ್ರಿ ಎಂದು ಕೇಳುವ ಬಾಯಿ ನನಗಿರಲಿಲ್ಲ. ರಾತ್ರಿ ಮತ್ತೆ ಸಾರಿ, ಮತ್ತೆ ಇರಲಿ ಬಿಡ್ರಿ. ಕಡೆಗೆ ಸಿಸ್ಟರಿಗೆ ಒಂದು ಇನ್‌ಲ್ಯಾಂಡ್ ಕಾಗದ ಬರೆದೆ: ನಮ್ಮ ಇನ್‌ಸ್ಟ್ರುಮೆಂಟ್ ಅತ್ತೆಯವರ ಸ್ವಾಧೀನದಲ್ಲಿದೆ.

ರವಿವಾರ ಅವರು ಬಂದಿಳಿದರು, ಕೈಯಲ್ಲಿ ಭಾರದ ಚೀಲ. ನಮ್ಮ ಅತ್ತೆ ಸಿಸ್ಟರನ್ನು ಯಾವಾಗಲೂ ಹೊರಗಿನ ಕಟ್ಟೆಯ ಮೇಲೆಯೇ ಕೂರಿಸಿ ಮಾತಾಡಿಸಿ ಕಳಿಸುವವರು. ಸಿಸ್ಟರ್ ಯಾವ ಓಣಿಯವರೆಂದು ಅವರಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿದೆಯೆಂದು ಸಿಸ್ಟರಿಗೂ ಗೊತ್ತಿತ್ತು. ಅವತ್ತು ಮೊಣಕಾಲು ತೋರಿಸಬೇಕಿತ್ತಲ್ಲ, ಒಳಗೆ ಬರ್ರಿ ಎಂದರು. ಸಿಸ್ಟರ್ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಎಲ್ಲಿ ಕೂಡ್ಲಿ ಯವ್ವಾ ಎಂದು ಕೇಳಿ, ಅತ್ತೆಯ ಬಾಯಿಂದ ಮಂಚದ ಮ್ಯಾಲ ಎಂದು ಹೇಳಿಸಿಕೊಂಡೇ ಮಂಚದ ಮೇಲೆ ಕುಳಿತರು. ಮೊಣಕಾಲು ಒತ್ತಿದರು, ಮಡಿಸಿದರು, ಕಿವಿಯಿಟ್ಟು ಕೇಳಿದರು. ಆಮೇಲೆ ನನ್ನ ಮಷಿನ್ನನ್ನು ಎತ್ತಿಕೊಂಡು ಮರುಕದಿಂದ ತಲೆಯಲ್ಲಾಡಿಸಿದರು.

"ಈ ಸಣ್ಣದು ನಿಮ್ಮಂಥಾ ಮೊಣಕಾಲಿಗೆ ಸಾಲೂದಿಲ್ಲ ಯವ್ವಾ. ಇದು ಬರೇ ಕಲಿಯೋರದು. ನಿಮಗ ದೊಡ್ಡದ ಬೇಕು."

ಚೀಲದಿಂದ ಇಸ್ತ್ರಿ ಪೆಟ್ಟಿಗೆಯಂಥದ್ದು ಹೊರಬಂತು. ಅವರ ಆಸ್ಪತ್ರೆಯ ಡಾಕ್ಟರರ ಮನೆಯಲ್ಲಿ ಮೂಲೆಗೆ ಬಿದ್ದಿತ್ತಂತೆ, ಕೇಳಿ ತಂದಿದ್ದರು. ಹಚ್ಚಿದಾಗ ಮಂಚ ಸಮೇತ ಅತ್ತೆ ನಡುಗಿದರು. ಅವರ ಮುಖದಲ್ಲಿ ಬಡ್ತಿ ಸಿಕ್ಕವರ ಗೌರವ. ಸಣ್ಣದನ್ನು ನನ್ನ ಕಡೆ ನೂಕಿ, ತಗೋಬೇ, ನೀ ಕಲಿ ಎಂದರು.

ಹೋಗುವಾಗ ಸಿಸ್ಟರ್ ಬಾಗಿಲಲ್ಲಿ ನಿಂತು ಸೂಚನೆ ಕೊಟ್ಟರು, ಔಷಧಿ ಚೀಟಿ ಓದಿದ ಹಾಗೆ. ಮೊದಲು ಸ್ಪಿರಿಟ್ ಹಚ್ಚಿ ಕುಂಕುಮ ಒರೆಸಬೇಕು. ಬಾಗಿಲು ಹಾಕಿಕೊಳ್ಳಬೇಕು. ಬಟ್ಟೆಯ ಮೇಲಿಂದಲೇ ಶುರು, ಕಡಿಮೆ ವೇಗ, ಹೊರಗಿನಿಂದ ಅಷ್ಟೇ, ಒತ್ತಬಾರದು. ಎಲ್ಲಿ ಹಿತವಾಗುತ್ತದೆ ಎಂದು ಮೈಯನ್ನೇ ಕೇಳಬೇಕು, ನಾಚಿಕೆ ಬಂದರೆ ಬರಲಿ, ಅದಕ್ಕೂ ಒಂದು ಕುರ್ಚಿ ಹಾಕಬೇಕು. "ಮತ್ತ ಗುರಿ ಇಟ್ಕೋಬ್ಯಾಡ್ರಿ," ಎಂದರು. "ಟಾರ್ಗೆಟ್ ಅನ್ನೂದು ಗವರ್ಮೆಂಟಿಗಿರ್ಲಿ."

ಶನಿವಾರ ಶಾಲೆ ಅರ್ಧ ದಿನ. ಅತ್ತೆ ತಂಗಿಯ ಮನೆಗೆ ಕವಿತಾಳಕ್ಕೆ ಹೋಗಿದ್ದರು, ಯಜಮಾನರು ಕಾಲುವೆಯ ಮೇಲೆ. ಮಧ್ಯಾಹ್ನದ ಬಿಸಿಲು ಕಿಟಕಿಯ ಸಂದಿಯಿಂದ ಒಂದು ಗೆರೆಯಾಗಿ ಬಿದ್ದಿತ್ತು. ಹತ್ತು ನಿಮಿಷ ಏನೂ ಆಗಲಿಲ್ಲ. ನೋಡಿದೆಯಾ, ಫ್ರಿಜಿಡ್ ಎಂದಿತು ತಲೆ. ಒಂಬತ್ತನೇ ಕ್ಲಾಸಿನ ಕಾಂಪೊಸಿಷನ್ ತಿದ್ದುವುದು ಬಾಕಿಯಿದೆ ಎಂದೂ ಹೇಳಿತು. ಗುರಿ ಬೇಡ ಎಂದರಲ್ಲ ಸಿಸ್ಟರ್ ಎಂದುಕೊಂಡು ತಲೆಗೊಂದು ಕುರ್ಚಿ ಹಾಕಿ ಕೂರಿಸಿದೆ. ಕೈ ಒಂದು ಬೆರಳಿನಷ್ಟು ಸರಿಯಿತು. ಅಷ್ಟೇ. ಎಲ್ಲೋ ಮೇಲೆ ತೂಬು ಎತ್ತಿದ್ದಾರೆ ಎಂದು ಬತ್ತಿದ ಕಾಲುವೆಯ ಕೊನೆಯಲ್ಲಿರುವವರಿಗೆ ಹೇಗೆ ತಿಳಿಯುತ್ತದೆ? ಮೊದಲು ಮಣ್ಣು ಕಪ್ಪಾಗುತ್ತದೆ. ಆಮೇಲೆ ಒಂದು ಸಣ್ಣ ಸದ್ದು. ಆಮೇಲೆ ಯಾರು ತಡೆದರೂ ನಿಲ್ಲುವುದಿಲ್ಲ, ಬರುತ್ತದೆ.

ಮುಗಿದ ಮೇಲೆ ದಿಂಬಿನಲ್ಲಿ ಮುಖವಿಟ್ಟು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎದ್ದು ಕನ್ನಡಿಯ ಮುಂದೆ ನಿಂತು ನನ್ನ ಮುಖಕ್ಕೆ ಹೌ ಡು ಯು ಡು ಎಂದೆ. ಹೊಸಬರ ಪರಿಚಯವಾದಾಗ ಹಾಗೆ ಹೇಳಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು.

ಆ ವಾರವೇ ಯಜಮಾನರ ಕೈ ಹಿಡಿದು ದಾರಿ ತೋರಿಸಿದೆ. ಅವರು ಓವರ್‌ಸಿಯರ್, ನಕ್ಷೆ ಒಮ್ಮೆ ತೋರಿಸಿದರೆ ಮರೆಯುವವರಲ್ಲ. ಅವತ್ತು ಅವರು ಸಾರಿ ಎನ್ನಲಿಲ್ಲ, ಏನು ಹೇಳಬೇಕೆಂದು ತಿಳಿಯದೆ ಥ್ಯಾಂಕ್ಯೂ ಎಂದರು. ನಾನು ಮೆನ್ಷನ್ ನಾಟ್ ಎಂದೆ.

ಇದನ್ನೆಲ್ಲ ಹೇಳಬೇಕೆಂದು ಮುಂದಿನ ರವಿವಾರ ದೇವದುರ್ಗದ ಬಸ್ಸು ಹತ್ತಿದೆ. ಸಿಸ್ಟರ್ ಅಕ್ಕಿ ಆರಿಸುತ್ತಿದ್ದರು. ನನ್ನ ಮುಖ ನೋಡಿ ಮೊರ ಕೆಳಗಿಟ್ಟರು. ಹೇಳ್ರಿ ಎಂದರು. ಹೇಳಿದೆ, ಈ ಸಲ ಕನ್ನಡದಲ್ಲೇ, ಅವರು ಬೋರ್ಡಿನ ಮೇಲೆ ಬರೆದಿದ್ದ ಆ ಹೆಸರುಗಳನ್ನೆಲ್ಲ ದನಿ ಹೊರಡಿಸಿ. ಅವರು ತುಂಬ ಗಮನವಿಟ್ಟು ಕೇಳಿದರು. ಹಾಗಾಗ್ತದೇನು ಎಂದರು ಒಮ್ಮೆ. ಖರೇನ ಎಂದರು ಇನ್ನೊಮ್ಮೆ. ಆಗ ನನಗೆ ಏನೋ ಹೊಳೆಯಿತು.

"ಸಿಸ್ಟರ್, ನಿಮ್ಮದು?"

ಅವರು ಎದ್ದು ಹೋಗಿ ಯೂನಿಫಾರ್ಮ್ ಸೀರೆಗಳ ಅಡಿಯಿಂದ ಡಬ್ಬಿ ತೆಗೆದು ತಂದರು. ಅಂಗಡಿಯ ಸಾಹುಕಾರರು ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಊರಿಗೆಲ್ಲ ಸೂಜಿ ಹಾಕುವ ಆ ಕೈಗಳು ದಾರದ ತುದಿ ಹುಡುಕುತ್ತಿದ್ದವು.

"ಕಲ್ಲಿನ ಹೆಂಗಸು ಒಬ್ಬಾಕೀನೂ ಸಿಕ್ಕಿಲ್ಲ ಅಂದ್ನಲ್ಲ ಟೀಚರ್," ಎಂದರು. "ನನ್ನ ಬಿಟ್ಟು ಹೇಳಿದ್ದೆ. ನನಗೂ ಏನೂ ಗೊತ್ತಿಲ್ಲ. ಗಂಡ ಇದ್ದಾಗೂ ಗೊತ್ತಾಗಲಿಲ್ಲ. ಬಿಚ್ಚಿ ನೋಡಿ, ಆಗಲಿಲ್ಲಂದ್ರ? ಹಂಗ ಇರ್ಲಿ ಅಂತ ಇಟ್ಟೀನಿ."

ಅಲ್ಲಿಯವರೆಗೆ ನಾನು ಎಷ್ಟೋ ಜನಕ್ಕೆ ಪಾಠ ಹೇಳಿದ್ದೆ, ಅವತ್ತಿನಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ದಾರ ನಾನು ಬಿಚ್ಚಿದೆ. ಸೆಲ್ ಹಾಕಿಕೊಟ್ಟೆ. ಬಟ್ಟೆಯ ಮೇಲಿಂದ ಶುರು, ಕಡಿಮೆ ವೇಗ, ಹತ್ತು ನಿಮಿಷ ಏನೂ ಆಗದಿದ್ದರೆ ಗಾಬರಿ ಬೇಡ, ನನಗೂ ಆಗಿರಲಿಲ್ಲ ಎಂದು ಹೇಳಿದೆ. ಅವರು ಕೈ ಕಟ್ಟಿಕೊಂಡು, ಬೆಂಚಿನ ಹುಡುಗಿಯ ಹಾಗೆ, ಹೂಂ ಹೂಂ ಎಂದರು. ನಾನು ಹೊರಗಿರ್ತೀನಿ, ಯಾರನ್ನೂ ಬಿಡೂದಿಲ್ಲ ಎಂದು ಬಾಗಿಲು ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತೆ.

ರವಿವಾರವಾದರೂ ಜನ ಬರುತ್ತಿದ್ದರು. ಕಾಲಿಗೆ ಮುಳ್ಳು ಚುಚ್ಚಿದವಳೊಬ್ಬಳು ಬಂದಳು. ಸಿಸ್ಟರ್ ಒಂದು ತಾಸು ಸಿಗೂದಿಲ್ಲ ಎಂದೆ. ಜ್ವರವೇನು ಎಂದು ಕೇಳಿದಳು. ಇಲ್ಲವ್ವಾ, ಕಲಿಯಾಕತ್ತಾರ ಎಂದೆ. ಈ ವಯಸ್ಸಿನ್ಯಾಗ ಏನು ಕಲಿತಾರ ಎಂದು ಅವಳು ಗೊಣಗಿ ನನ್ನ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು. ನಾನೇ ಪಿನ್ನು ತೆಗೆದು ಅವಳ ಮುಳ್ಳು ತೆಗೆದೆ. ಅರ್ಧ ತಾಸಾಯಿತು. ಮುಕ್ಕಾಲು ತಾಸಾಯಿತು. ಒಳಗಿನಿಂದ ಒಂದು ಸದ್ದಿಲ್ಲ. ಆಗದೇ ಹೋಯಿತೇನೋ, ದಾರ ಬಿಚ್ಚಿ ತಪ್ಪು ಮಾಡಿದೆನೇನೋ ಎಂದು ಎರಡು ಸಲ ಎದ್ದು ಮತ್ತೆ ಕುಳಿತೆ. ನಾನು ಹಿಡಿಯಬೇಕಿದ್ದ ನಾಲ್ಕರ ಬಸ್ಸು ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆಯಿತು. ಸಿಸ್ಟರ್ ಎಂದು ಮೆಲ್ಲಗೆ ಕರೆದೆ.

ಒಳಗೆ ಮಂಚ ಕಿರ್ರೆಂದಿತು. ಕಿಟಕಿಯ ಬಾಗಿಲು ಎರಡು ಬೆರಳಿನಷ್ಟು ತೆರೆಯಿತು. ಅವರ ಕೂದಲು ಬಿಚ್ಚಿತ್ತು, ಬಿಚ್ಚಿದ ಕೂದಲಲ್ಲಿ ಅವರನ್ನು ನಾನು ಎಂದೂ ನೋಡಿರಲಿಲ್ಲ. ಕೆನ್ನೆ ಎರಡೂ ಕೆಂಪಗೆ. ನನ್ನನ್ನು ನೋಡಿ, ಮುಳ್ಳಿನವಳನ್ನು ನೋಡಿ, ತುಟಿ ಬಿಗಿಹಿಡಿದು ನಗು ತಡೆದುಕೊಂಡರು.

"ಟೀಚರ್, ನೀವು ಬಸ್ಸಿಗೆ ಹೋಗ್ರಿ," ಎಂದರು. "ನನಗ ಇನ್ನಾ ಒಂದೀಟು ತಡಾ ಆಗ್ತದ."